ಏಕಾಂಕ ನಾಟಕೋತ್ಸವವೂ ನಮ್ಮ ನಾಲ್ಕು ತಾಲೂಕುಗಳೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ನಾಟಕದ ಹುಚ್ಚು ಹೊಸದಲ್ಲ. ಜಾತ್ರೆ ಹತ್ತಿರ ಬಂದಿತೆಂದರೆ ತೇರಿನಷ್ಟೇ ನಾಟಕದ ಮಾತೂ ಊರಲ್ಲಿ ನಡೆಯುತ್ತದೆ. ಪೇಟಿ ಮಾಸ್ತರರು ಬಂದಿಳಿಯುತ್ತಾರೆ; ಗುಡಿಯ ಪೌಳಿಯಲ್ಲಿ ತಾಲೀಮು ಆರಂಭವಾಗುತ್ತದೆ; ಬಣ್ಣದ ಹಸ್ತಪತ್ರಿಕೆಗಳು ಅಗಸಿಯ ಗೋಡೆ ಏರುತ್ತವೆ. ಇಷ್ಟು ಉತ್ಸಾಹವಿರುವ ನಾಡಿನಲ್ಲಿ ಉದಯೋನ್ಮುಖ ಕಲಾವಿದರಿಗಾಗಿಯೇ ಚಿಕ್ಕ ನಾಟಕಗಳ ಉತ್ಸವವೊಂದು ಬೇಕೇ ಎಂದು ಯಾರಾದರೂ ಕೇಳಬಹುದು. ಬೇಕು ಎಂಬುದೇ ನನ್ನ ಅಭಿಪ್ರಾಯ. ಏಕೆ ಬೇಕು, ಅದನ್ನು ಹೇಗೆ ನಡೆಸಬೇಕು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಕಂಪನಿ ಎಂಬ ಪಾಠಶಾಲೆ

ನಮ್ಮ ಭಾಗದಲ್ಲಿ ನಟನೆಂಬವನು ಹಿಂದೆ ಹೇಗೆ ತಯಾರಾಗುತ್ತಿದ್ದನು? ಇದಕ್ಕೆ ಉತ್ತರ ಸವದತ್ತಿ ತಾಲೂಕಿನ ಏಣಗಿಯಲ್ಲಿಯೇ ಇದೆ. ಏಣಗಿ ಬಾಳಪ್ಪನವರು 1914ರಲ್ಲಿ ಆ ಊರಿನ ರೈತ ಮನೆತನದಲ್ಲಿ ಹುಟ್ಟಿದರು. ಶಾಲೆಯ ಓದು ಅವರಿಗೆ ಹೆಚ್ಚಾಗಿ ದಕ್ಕಲಿಲ್ಲ. ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿ, ಮೊದಮೊದಲು ಸ್ತ್ರೀಪಾತ್ರಗಳನ್ನು ವಹಿಸಿ, ಕಂಪನಿಗಳಲ್ಲಿ ಹಾಡು, ಮಾತು, ನಡಿಗೆಗಳನ್ನು ಕಲಿತರು. 1947ರಲ್ಲಿ ತಮ್ಮದೇ ಆದ ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿದರು. ಅವರ ಬಸವೇಶ್ವರನ ಪಾತ್ರವನ್ನು ಕಂಡ ಹಿರಿಯರು ಇಂದಿಗೂ ಅದರ ವಿಷಯ ಹೇಳುತ್ತಾರೆ. 2017ರಲ್ಲಿ, ನೂರು ವರ್ಷ ದಾಟಿದ ತುಂಬು ಜೀವನದ ನಂತರ, ಅವರು ತೀರಿಕೊಂಡರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅಂದಿನ ನಾಟಕ ಕಂಪನಿ ಜನರನ್ನು ರಂಜಿಸುವ ಸಂಸ್ಥೆ ಮಾತ್ರವಾಗಿರಲಿಲ್ಲ. ಅದೊಂದು ಪಾಠಶಾಲೆಯೂ ಆಗಿತ್ತು. ಬಡವರ ಹುಡುಗನೊಬ್ಬ ಬಂದರೆ ಅವನಿಗೆ ಊಟವಿತ್ತು, ಮಲಗಲು ಜಾಗವಿತ್ತು, ಕಲಿಸುವ ಮಾಸ್ತರರಿದ್ದರು. ಮೊದಲು ಬಾಲಪಾತ್ರ, ಆಮೇಲೆ ಸಖಿಯ ಪಾತ್ರ, ಆಮೇಲೆ ನಾಯಕಿ, ಕೊನೆಗೆ ನಾಯಕ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬಹುದಾಗಿತ್ತು. ಚಲನಚಿತ್ರವೂ ಆಮೇಲೆ ದೂರದರ್ಶನವೂ ಪ್ರೇಕ್ಷಕರನ್ನು ಸೆಳೆದುಕೊಂಡಂತೆ ಕಂಪನಿಗಳು ಒಂದೊಂದಾಗಿ ಡೇರೆ ಮಡಚಿದವು. ಹಲವರು ಅದನ್ನು ಮನರಂಜನೆಯ ನಷ್ಟವೆಂದು ಭಾವಿಸಿದರು. ನಿಜವಾಗಿ ಮುಚ್ಚಿದ್ದು ಶಾಲೆ. ಅದರ ಕೆಳಗಿನ ಮೆಟ್ಟಿಲುಗಳೇ ಇಲ್ಲದಂತಾದವು.

ಪಾರ್ಟು ಯಾರಿಗೆ?

ಕಂಪನಿ ಹೋದರೂ ಹಳ್ಳಿಯ ನಾಟಕ ಉಳಿಯಿತಲ್ಲ ಎನ್ನಬಹುದು. ಉಳಿದಿದೆ, ಸಂತೋಷ. ಆದರೆ ಅದರ ಲೆಕ್ಕವೇ ಬೇರೆ. ನಾಲ್ಕೈದು ತಾಸಿನ ಸಾಮಾಜಿಕ ನಾಟಕವಾಡಲು ರಂಗಸಜ್ಜಿಕೆ ಬಾಡಿಗೆಗೆ ತರಬೇಕು, ಧ್ವನಿವರ್ಧಕ ಬೇಕು, ಪೇಟಿ-ತಬಲಾದವರಿಗೆ ಕೊಡಬೇಕು, ಹೊರ ಊರಿನಿಂದ ಕಲಾವಿದೆಯರನ್ನು ಗೌರವಧನ ಕೊಟ್ಟು ಕರೆಸಬೇಕು. ಈ ಖರ್ಚು ಬಹುಮಟ್ಟಿಗೆ ಪಾತ್ರ ಮಾಡುವವರ ಪಟ್ಟಿಯಿಂದಲೇ ಹೊರಡಬೇಕು. ಹೆಚ್ಚು ಪಟ್ಟಿ ಹಾಕುವವನಿಗೆ ದೊಡ್ಡ ಪಾರ್ಟು ಹೋಗುವುದು ಸಹಜ.

ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ. ನನ್ನ ತಂದೆಯವರಿಗೆ ಓದು ಬಾರದು. ಊರ ನಾಟಕದ ತಾಲೀಮಿಗೆ ಒಂದು ರಾತ್ರಿಯೂ ತಪ್ಪದೆ ಹೋಗಿ, ಕೇಳಿ ಕೇಳಿಯೇ ನಾಯಕನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದ್ದರು. ಕುಂಟಿ ಹೊಡೆಯುವಾಗ ಎತ್ತುಗಳ ಹಿಂದೆ ನಡೆಯುತ್ತ ಆ ಮಾತುಗಳನ್ನು ಒಪ್ಪಿಸುವುದನ್ನು ನಾನೇ ಕೇಳಿದ್ದೇನೆ. ಆದರೆ ಪಟ್ಟಿ ಕೊಡುವ ಅನುಕೂಲವಿಲ್ಲದ್ದರಿಂದ ಅವರಿಗೆ ಪ್ರತಿ ಸಲವೂ ಸಿಕ್ಕದ್ದು ಪರದೆ ಎಳೆಯುವ ಕೆಲಸ. “ಒಮ್ಮೆರೆ ಕೇಳಬೇಕಿತ್ತಲ್ಲಪ್ಪಾ?” ಎಂದು ನಾನು ಕೇಳಿದೆ. “ಕೇಳೂದೇನೈತಿ ತಮ್ಮಾ, ಪರದೇನೂ ಯಾರರೆ ಎಳೀಬೇಕಲ್ಲ” ಎಂದು ನಕ್ಕರು. ಇದರಲ್ಲಿ ಊರವರನ್ನು ದೂರುವ ಮಾತಿಲ್ಲ. ಊರವರೂ ಸಾಲ ಮಾಡಿಯೇ ನಾಟಕವಾಡುತ್ತಾರೆ. ದೊಡ್ಡ ನಾಟಕದ ಖರ್ಚೇ ಚಿಕ್ಕವರನ್ನು ಹೊರಗಿಡುತ್ತದೆ ಎಂಬುದಷ್ಟೆ ನನ್ನ ವಾದ.

ಇನ್ನು ವಿದ್ಯಾರ್ಥಿನಿಯರ ಸಂಗತಿ. ಹೊರಗಿನ ಕಲಾವಿದೆಯರು ಬಂದು ಅಭಿನಯಿಸಿ ಹೋಗುತ್ತಾರೆ. ಊರ ಹೆಣ್ಣುಮಕ್ಕಳು ಮುಂದೆ ಕುಳಿತು ನೋಡುತ್ತಾರೆ. ನಮ್ಮ ನೆರೆಯ ಕೌಜಲಗಿಯ ನಿಂಗಮ್ಮನವರು ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹೆಸರು ಗಳಿಸಿದ ನಾಡು ಇದು ಎಂಬುದನ್ನು ನೆನೆದರೆ ಈ ಸ್ಥಿತಿ ವಿಚಿತ್ರವೆನಿಸದೆ ಇರದು.

ಏಕಾಂಕದ ಶಕ್ತಿ

ಪಟ್ಟಿ ಬೇಡದ ನಾಟಕವೊಂದಿದೆ. ಅದೇ ಏಕಾಂಕ. ಒಂದು ಅಂಕ, ಒಂದು ಸ್ಥಳ, ನಾಲ್ಕಾರು ಪಾತ್ರಗಳು, ಅರ್ಧ ತಾಸು. ಎರಡು ಕುರ್ಚಿ, ಒಂದು ಬಾಗಿಲು ಇದ್ದರೆ ರಂಗಸಜ್ಜಿಕೆ ಮುಗಿಯಿತು. ದೊಡ್ಡ ನಾಟಕ ಒಂದು ಬಾಳನ್ನು ಹೇಳಿದರೆ ಏಕಾಂಕ ಒಂದು ಗಳಿಗೆಯನ್ನು ಹೇಳುತ್ತದೆ.

ಚಿಕ್ಕದೆಂದು ಇದನ್ನು ಹಗುರವಾಗಿ ಕಾಣುವಂತಿಲ್ಲ. ಐರ್ಲೆಂಡಿನ ಡಬ್ಲಿನ್ ನಗರದ ಆ್ಯಬಿ ರಂಗಮಂದಿರ 1904ರ ಡಿಸೆಂಬರ್ 27ರಂದು ತೆರೆದಾಗ ಅಲ್ಲಿ ಹೊಸದಾಗಿ ಆಡಿದ್ದು ಯೇಟ್ಸ್ ಕವಿಯ ಒಂದು ಏಕಾಂಕ ಮತ್ತು ಲೇಡಿ ಗ್ರೆಗರಿಯವರ ಒಂದು ಏಕಾಂಕ. ಆ ತಂಡವನ್ನು ತಿದ್ದಿದ ಫೇ ಸಹೋದರರಲ್ಲಿ ಒಬ್ಬನು ವಿದ್ಯುತ್ ಕೆಲಸಗಾರ, ಇನ್ನೊಬ್ಬನು ಗುಮಾಸ್ತ. ಅಮೆರಿಕದ ಪ್ರಾವಿನ್ಸ್‌ಟೌನ್ ಎಂಬ ಕಡಲ ತೀರದ ಊರಿನಲ್ಲಿ 1916ರಲ್ಲಿ ಕೆಲವು ಹವ್ಯಾಸಿಗಳು ಮೀನಿನ ಹಳೆಯ ಗೋದಾಮನ್ನೇ ರಂಗಮಂದಿರ ಮಾಡಿಕೊಂಡು, ಅಲ್ಲಿಯವರೆಗೆ ಯಾರೂ ಆಡದಿದ್ದ ಲೇಖಕನೊಬ್ಬನ ಏಕಾಂಕವನ್ನು ಆಡಿದರು. ಆ ಲೇಖಕ ಯುಜೀನ್ ಓನೀಲ್. ಇಪ್ಪತ್ತು ವರ್ಷಗಳ ಮೇಲೆ, 1936ರಲ್ಲಿ, ಆತನಿಗೆ ನೊಬೆಲ್ ಪಾರಿತೋಷಕ ಬಂದಿತು.

ಕನ್ನಡದಲ್ಲಿಯೂ ಕೈಲಾಸಂ, ಬೇಂದ್ರೆ, ಶ್ರೀರಂಗ ಮೊದಲಾದವರು ಚಿಕ್ಕ ನಾಟಕಗಳನ್ನು ಬರೆದು ಬೆಳೆಸಿದರು. ಶ್ರೀರಂಗರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳಿಂದ ಆಡಿಸಬಹುದಾದ ನಾಟಕದ ಬೆಲೆ ಅವರಿಗೆ ತಿಳಿದಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಚಿಕ್ಕ ನಾಟಕಕ್ಕೆ ಇನ್ನೊಂದು ನೆಲೆ ದೊರೆಯಿತು.

ಬರೆಯುವವರಿಗೆ ವಸ್ತುವಿನ ಕೊರತೆಯಿಲ್ಲ. ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವನ್ನೇ ನೋಡಿರಿ. ಅದು ದೇವರ ಕಥೆಯಲ್ಲ, ರಾಜನ ಕಥೆಯಲ್ಲ. ಬೈಲಹೊಂಗಲದಲ್ಲಿ ನಡೆದುಹೋದ ಪ್ರೇಮ, ಗೆಳೆಯನ ದ್ರೋಹ ಮತ್ತು ಕೊಲೆಯ ಕಥೆ. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿದ ಮೇಲೆ ವಿದ್ವಾಂಸರೂ ಅದರ ಕಡೆ ನೋಡಿದರು. ನಮ್ಮ ಓಣಿಯ ಸುದ್ದಿಯೂ ನಾಟಕವಾಗಬಲ್ಲುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಿತ್ತೂರಿನ 1824ರ ಯುದ್ಧವನ್ನು ದೊಡ್ಡ ರಂಗದ ಮೇಲೆ ಆನೆ-ಕುದುರೆಗಳೊಡನೆ ತೋರಿಸುವವರು ತೋರಿಸಲಿ. ಹೊಸ ಲೇಖಕನು ಅದರ ಹಿಂದಿನ ರಾತ್ರಿ ಕೋಟೆಯ ಬಾಗಿಲಲ್ಲಿ ಎಚ್ಚರವಿದ್ದ ಇಬ್ಬರು ಕಾವಲುಗಾರರ ಮಾತನ್ನು ಬರೆಯಲಿ. ಚೆನ್ನಮ್ಮನು 1829ರಲ್ಲಿ ಕಣ್ಣು ಮುಚ್ಚುವವರೆಗೆ ಸೆರೆಯಲ್ಲಿದ್ದುದು ಬೈಲಹೊಂಗಲದಲ್ಲಿ. ಆ ಸೆರೆಯ ಒಂದು ಸಂಜೆ ಸಾಕು ಒಂದು ಏಕಾಂಕಕ್ಕೆ. ರಾಮದುರ್ಗಕ್ಕೆ 1939ರ ಸಂಸ್ಥಾನದ ಪ್ರಜಾ ಹೋರಾಟವಿದೆ, ನೇಕಾರರ ಮಗ್ಗವಿದೆ. ಸವದತ್ತಿಗೆ ಮಲಪ್ರಭೆಯ ಆಣೆಕಟ್ಟಿನ ಹಿನ್ನೀರಿನಲ್ಲಿ ಮನೆ-ಹೊಲ ಕಳೆದುಕೊಂಡವರ ನೆನಪಿದೆ.

ಪುಣೆಯ ದೃಷ್ಟಾಂತ

ಇಂಥ ಉತ್ಸವ ನಿಜವಾಗಿ ಫಲ ಕೊಡುತ್ತದೆಯೇ? ನಮಗೆ ದೂರವಲ್ಲದ ಪುಣೆಯನ್ನು ನೋಡಬಹುದು. ಕಿತ್ತೂರನ್ನು ಹಾಯ್ದ ಹೆದ್ದಾರಿಯೇ ಅಲ್ಲಿಗೆ ಹೋಗುತ್ತದೆ. ಅಲ್ಲಿಯ ಮಹಾರಾಷ್ಟ್ರೀಯ ಕಲೋಪಾಸಕ ಎಂಬ ಸಂಸ್ಥೆ 1963ರಿಂದ ಕಾಲೇಜು ವಿದ್ಯಾರ್ಥಿಗಳಿಗಾಗಿ ‘ಪುರುಷೋತ್ತಮ ಕರಂಡಕ’ ಎಂಬ ಏಕಾಂಕ ಸ್ಪರ್ಧೆಯನ್ನು ನಡೆಸುತ್ತ ಬಂದಿದೆ. ಅಲ್ಲಿ ಪ್ರಾಧಾನ್ಯ ಬರಹಕ್ಕೆ, ನಿರ್ದೇಶನಕ್ಕೆ ಮತ್ತು ಅಭಿನಯಕ್ಕೆ; ರಂಗಸಜ್ಜಿಕೆಯ ಆಡಂಬರಕ್ಕಲ್ಲ. ಹಣವುಳ್ಳ ಕಾಲೇಜು, ಹಣವಿಲ್ಲದ ಕಾಲೇಜು ಎಂಬ ಭೇದವನ್ನು ಈ ಒಂದೇ ನಿಯಮ ಬಹಳಷ್ಟು ಅಳಿಸುತ್ತದೆ. ಜಬ್ಬಾರ ಪಟೇಲ, ಸತೀಶ ಆಳೇಕರ ಅಂಥವರು ವಿದ್ಯಾರ್ಥಿ ದಶೆಯಲ್ಲಿ ಆ ರಂಗದ ಮೇಲೆ ದುಡಿದವರು.

ಅದೇ ಸ್ಪರ್ಧೆಯಲ್ಲಿ 2022ರಲ್ಲಿ ಒಂದು ಚರ್ಚೆ ಹುಟ್ಟಿತು. ಯಾವ ನಾಟಕವೂ ತಕ್ಕ ಮಟ್ಟಕ್ಕೆ ಏರಲಿಲ್ಲವೆಂದು ತೀರ್ಪುಗಾರರು ಆ ವರ್ಷ ಕರಂಡಕವನ್ನು ಯಾರಿಗೂ ಕೊಡಲಿಲ್ಲ. ಅರ್ಧ ಶತಮಾನಕ್ಕೂ ಮೀರಿ ನಡೆದ ಸ್ಪರ್ಧೆಗೆ ಅಂಥ ಕಟ್ಟುನಿಟ್ಟು ಶೋಭಿಸಬಹುದು. ಮೊದಲ ಸಲ ಬಣ್ಣ ಹಚ್ಚುವವರ ನಮ್ಮ ಉತ್ಸವಕ್ಕೆ ಅದು ಒಗ್ಗದು. ಗರಡಿಗೆ ಬಂದ ಹುಡುಗನನ್ನು ಮೊದಲ ದಿನವೇ ಕುಸ್ತಿಯ ಕಣಕ್ಕೆ ಇಳಿಸುವವರುಂಟೇ? ಮೊದಲು ಮಣ್ಣಿನ ರೂಢಿಯಾಗಬೇಕು.

ವಿಶ್ವವಿದ್ಯಾಲಯದ ಯುವಜನೋತ್ಸವಗಳಲ್ಲಿ ಏಕಾಂಕ ಸ್ಪರ್ಧೆಯಿದೆ ಎಂಬುದನ್ನು ನಾನು ಮರೆತಿಲ್ಲ. ಆದರೆ ಅಲ್ಲಿಗೆ ಒಂದು ಕಾಲೇಜಿನಿಂದ ಒಂದೇ ತಂಡ ಹೋಗುತ್ತದೆ. ಗೆಲ್ಲಬೇಕೆಂದ ಮೇಲೆ ಪಳಗಿದವರನ್ನೇ ಆರಿಸಬೇಕಾಗುತ್ತದೆ. ಪಳಗುವುದು ಎಲ್ಲಿ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಉತ್ಸವವನ್ನು ನಡೆಸುವ ಬಗೆ

ಉತ್ಸವ ಹೊಸಬರಿಗಾಗಿ ಎಂದು ಒಮ್ಮೆ ನಿಶ್ಚಯಿಸಿದರೆ ಅದರ ಪ್ರತಿಯೊಂದು ನಿಯಮವೂ ಆ ನಿಶ್ಚಯದಿಂದಲೇ ಹುಟ್ಟಬೇಕು.

ಮೊದಲನೆಯದು, ತಂಡ. ಪ್ರತಿ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿಂದೆ ಎಂದೂ ರಂಗವೇರದವರಿರತಕ್ಕದ್ದು. ಕನಿಷ್ಠ ಇಬ್ಬರು ವಿದ್ಯಾರ್ಥಿನಿಯರಿರತಕ್ಕದ್ದು. ಅವರು ನಟಿಯರೇ ಆಗಬೇಕೆಂದಿಲ್ಲ, ಬರೆಯುವವರೋ ನಿರ್ದೇಶಿಸುವವರೋ ಆಗಬಹುದು. ಯಾರಿಂದಲೂ ಪಟ್ಟಿ ಎತ್ತಕೂಡದು.

ಎರಡನೆಯದು, ನಾಟಕದ ಆಯ್ಕೆ. ತಾವೇ ಬರೆದ ನಾಟಕವಾದರೆ ಅತ್ಯುತ್ತಮ. ಮುದ್ರಿತ ನಾಟಕವಾದರೆ ಹಕ್ಕಿನ ವಿಚಾರ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾನೂನಿನಂತೆ ಲೇಖಕನ ಹಕ್ಕು ಆತನು ತೀರಿದ ಮೇಲೂ 60 ವರ್ಷ ಉಳಿಯುತ್ತದೆ. ಕೈಲಾಸಂ 1946ರಲ್ಲಿ ತೀರಿದರು. ಆದುದರಿಂದ ಅವರು ಬದುಕಿದ್ದಾಗ ಅಚ್ಚಾದ ನಾಟಕಗಳನ್ನು ಯಾರೂ ಆಡಬಹುದು. ಬೇಂದ್ರೆಯವರು ತೀರಿದ್ದು 1981ರಲ್ಲಿ, ಶ್ರೀರಂಗರು 1984ರಲ್ಲಿ. ಅವರ ನಾಟಕಗಳಿಗೆ ಹಕ್ಕುದಾರರ ಒಪ್ಪಿಗೆ ಬೇಕು. ಕಾಲೇಜಿನವರು, ವಿದ್ಯಾರ್ಥಿಗಳು ಮತ್ತು ಪಾಲಕರಷ್ಟೇ ನೋಡುವ ಪ್ರಯೋಗಕ್ಕೆ ಕಾನೂನು ವಿನಾಯಿತಿ ಕೊಡುತ್ತದೆ. ಊರನ್ನೆಲ್ಲ ಕರೆದಾಗ ಆ ವಿನಾಯಿತಿ ಇರುವುದಿಲ್ಲ. ಒಂದು ವಿನಯದ ಪತ್ರ ಬರೆದು ಒಪ್ಪಿಗೆ ಕೇಳುವುದು ಕಷ್ಟವೇನಲ್ಲ. ಲೇಖಕನಿಗೆ ಸಲ್ಲಬೇಕಾದ ಗೌರವವೂ ಅದೇ.

ಮೂರನೆಯದು, ತಾಲೀಮು. ಆರು ವಾರಗಳಾದರೂ ಬೇಕು. ಮೊದಲ ವಾರ ಬರಿಯ ಓದು: ಎಲ್ಲರೂ ವೃತ್ತವಾಗಿ ಕುಳಿತು ನಾಟಕವನ್ನು ಗಟ್ಟಿಯಾಗಿ ಓದಬೇಕು, ಪಾತ್ರಗಳನ್ನು ಅದಲುಬದಲು ಮಾಡಬೇಕು. ಯಾರಿಗೆ ಯಾವ ಪಾತ್ರ ಎಂಬುದು ಎರಡನೆಯ ವಾರದಲ್ಲಿ ನಿಶ್ಚಯವಾಗಲಿ. ಎರಡು ವಾರ ನಿಲುವು-ನಡಿಗೆಗಳಿಗೆ. ನಾಲ್ಕನೆಯ ವಾರದ ಕೊನೆಗೆ ಪುಸ್ತಕ ಕೈಬಿಡಬೇಕು. ಉಳಿದ ಎರಡು ವಾರ ಆರಂಭದಿಂದ ಕೊನೆಯವರೆಗೆ ನಿಲ್ಲಿಸದೆ ಆಡಬೇಕು. ತಾಲೀಮು ಕಾಲೇಜು ಬಿಟ್ಟ ಕೂಡಲೆ ಆರಂಭವಾಗಿ ಹೊತ್ತು ಮುಳುಗುವ ಮುನ್ನ ಮುಗಿಯಬೇಕು. ತಂದೆ-ತಾಯಿಗಳನ್ನು ಒಂದು ದಿನ ತಾಲೀಮಿಗೇ ಕರೆಯುವುದು ಲೇಸು. ಏನು ನಡೆಯುತ್ತಿದೆಯೆಂದು ಕಣ್ಣಾರೆ ಕಂಡವರು ಮಗಳನ್ನು ಕಳಿಸಲು ಹಿಂಜರಿಯುವುದು ಕಡಿಮೆ.

ನಾಲ್ಕನೆಯದು, ಸಮಯ. ಯುವಜನೋತ್ಸವಗಳಲ್ಲಿರುವಂತೆ ನಾಟಕಕ್ಕೆ 30 ನಿಮಿಷ, ರಂಗ ಸಿದ್ಧಪಡಿಸಿ ತೆರವುಗೊಳಿಸಲು 10 ನಿಮಿಷ ಸಾಕು. ಪ್ರತಿ ನಾಟಕದ ಮೇಲೆ 15 ನಿಮಿಷ ಚರ್ಚೆಯಾದರೆ ನಾಲ್ಕು ನಾಟಕಗಳಿಗೆ 3 ತಾಸು 40 ನಿಮಿಷಗಳಾಗುತ್ತವೆ. ಮಧ್ಯಾಹ್ನ 1 ಗಂಟೆಗೆ ಆರಂಭಿಸಿದರೆ 4-40ಕ್ಕೆ ಮುಗಿದು, ಹಳ್ಳಿಗಳಿಂದ ಬಂದವರೆಲ್ಲ ಬಸ್ಸು ಹಿಡಿದು ಹೊತ್ತಿರುವಾಗಲೇ ಮನೆ ಸೇರಬಹುದು. ಹಗಲಿನ ಪ್ರಯೋಗಕ್ಕೆ ದೀಪದ ಖರ್ಚೂ ಇಲ್ಲ; ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮದ ಭಯವೂ ಇಲ್ಲ. ಇನ್ನೂರು ಜನ ಹಿಡಿಸುವ ಕೋಣೆಯಲ್ಲಿ ಧ್ವನಿವರ್ಧಕವೇ ಬೇಡ. ಕೊನೆಯ ಸಾಲಿಗೆ ಮುಟ್ಟುವಂತೆ ಮಾತಾಡುವುದು ನಟನ ಮೊದಲನೆಯ ಪಾಠ.

ಐದನೆಯದು, ದಿನ ಗೊತ್ತುಮಾಡುವುದು. ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವದ ಗದ್ದಲ. ಹುಣ್ಣಿಮೆಯ ಸನಿಹದಲ್ಲಿ ಸವದತ್ತಿಯ ಬಸ್ಸುಗಳೆಲ್ಲ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ತುಂಬಿರುತ್ತವೆ. ಸುಗ್ಗಿಯಲ್ಲಿ ನಮ್ಮಲ್ಲಿ ಅನೇಕರು ಹೊಲದಲ್ಲಿರಬೇಕು. ಇವನ್ನೆಲ್ಲ ಬಿಟ್ಟು, ಪರೀಕ್ಷೆಗೆ ದೂರವಾದ ಭಾನುವಾರಗಳನ್ನು ಆರಿಸತಕ್ಕದ್ದು.

ಆರನೆಯದು ಎಲ್ಲಕ್ಕಿಂತ ಮುಖ್ಯ: ಪ್ರತಿ ನಾಟಕವೂ ಎರಡು ಸಲ ಆಡಬೇಕು. ಮೊದಲ ಭಾನುವಾರ ನಾಲ್ಕೂ ಊರುಗಳಲ್ಲಿ ಆಯಾ ಊರಿನವರ ನಾಟಕಗಳು ನಡೆಯಲಿ. ಮೂರನೆಯ ಭಾನುವಾರ ಕಿತ್ತೂರಿನ ತಂಡಗಳು ಬೈಲಹೊಂಗಲಕ್ಕೂ, ಬೈಲಹೊಂಗಲದವು ಸವದತ್ತಿಗೂ, ಸವದತ್ತಿಯವು ರಾಮದುರ್ಗಕ್ಕೂ, ರಾಮದುರ್ಗದವು ಕಿತ್ತೂರಿಗೂ ಹೋಗಲಿ. ಮೊದಲ ಪ್ರಯೋಗದಲ್ಲಿ ಗುರುತಿನ ಮುಖಗಳ ಮುಂದೆ ನಿಂತ ಹುಡುಗಿ ಎರಡನೆಯದರಲ್ಲಿ ತನ್ನನ್ನರಿಯದ ಜನರ ಮುಂದೆ ನಿಲ್ಲುತ್ತಾಳೆ. ನಡುವಿನ ಎರಡು ವಾರಗಳಲ್ಲಿ ತಿದ್ದಿಕೊಳ್ಳುವುದೇ ನಿಜವಾದ ಕಲಿಕೆ. ಒಂದೇ ಸಲ ಆಡಿ ಬಹುಮಾನ ಪಡೆದು ಮನೆಗೆ ಹೋದವನಿಗೆ ತನ್ನ ನಾಟಕ ಎಲ್ಲಿ ಸಡಿಲಾಗಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ.

ಏಳನೆಯದು, ವಿಮರ್ಶೆ ಮತ್ತು ಹಣ. ಪ್ರಥಮ, ದ್ವಿತೀಯ, ತೃತೀಯ ಎಂಬ ಶ್ರೇಣಿ ಬೇಡ. ಅನುಭವಿ ರಂಗಕರ್ಮಿಗಳೊಬ್ಬರು, ಅಧ್ಯಾಪಕರೊಬ್ಬರು, ಊರಿನ ಬಯಲಾಟದ ಹಿರಿಯರೊಬ್ಬರು, ಹೀಗೆ ಮೂವರು ಕುಳಿತು ಪ್ರತಿ ತಂಡಕ್ಕೂ ಎರಡು ಮಾತು ಹೇಳಲಿ: ಯಾವುದು ಮನಸ್ಸಿಗೆ ತಟ್ಟಿತು, ಯಾವುದು ತಟ್ಟಲಿಲ್ಲ. ಬಯಲಾಟದ ಹಿರಿಯರನ್ನು ಸೇರಿಸಿದ್ದು ಬರಿಯ ಸನ್ಮಾನಕ್ಕಲ್ಲ. ಧ್ವನಿವರ್ಧಕವಿಲ್ಲದೆ ಬಯಲಿನ ಜನರನ್ನು ಬೆಳಗಿನವರೆಗೆ ಹಿಡಿದು ಕೂರಿಸಿದ ವಿದ್ಯೆ ಅವರಲ್ಲಿದೆ. ಬಹುಮಾನದ ಢಾಲು, ಶಾಲು, ಹಾರಗಳಿಗೆ ಹೋಗುವ ಹಣವನ್ನು ತಂಡಗಳ ಬಸ್ಸಿನ ಖರ್ಚಿಗೂ ಮಧ್ಯಾಹ್ನದ ರೊಟ್ಟಿ-ಪಲ್ಲೆಗೂ ಬಳಸಿದರೆ ಯಾರೂ ಹಣವಿಲ್ಲವೆಂದು ಮನೆಯಲ್ಲಿ ಉಳಿಯಬೇಕಾಗಿಲ್ಲ.

ಎರಡು ಆಕ್ಷೇಪಗಳು

ಬಹುಮಾನವಿಲ್ಲದಿದ್ದರೆ ಹುರುಪಿರುವುದಿಲ್ಲ ಎಂಬುದು ಒಂದು ಆಕ್ಷೇಪ. ಹುರುಪಿಗೆ ಬಹುಮಾನವೊಂದೇ ಕಾರಣವಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಕೈಯಿಂದ ಹಣ ಹಾಕಿ ನಾಟಕವಾಡುವವರು ಇರುತ್ತಲೇ ಇರಲಿಲ್ಲ. ತನ್ನ ಮಾತಿಗೆ ಇನ್ನೂರು ಜನ ಉಸಿರು ಬಿಗಿಹಿಡಿದು ಕುಳಿತದ್ದನ್ನು ಒಮ್ಮೆ ಅನುಭವಿಸಿದವನು ಮತ್ತೆ ಬಂದೇ ಬರುತ್ತಾನೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ನಮ್ಮಂಥ ಬಡ ವಿದ್ಯಾರ್ಥಿಗಳು, ಮನೆತನದಲ್ಲಿಯೇ ಮೊದಲ ಸಲ ಪದವಿಯ ಮೆಟ್ಟಿಲು ಹತ್ತಿದವರು, ನೌಕರಿಯ ಪರೀಕ್ಷೆಗೆ ಓದುವುದನ್ನು ಬಿಟ್ಟು ನಾಟಕದಲ್ಲಿ ಕಾಲ ಕಳೆಯಬಹುದೇ? ಈ ಪ್ರಶ್ನೆಯನ್ನು ನಾನೂ ನನಗೆ ಅನೇಕ ಸಲ ಕೇಳಿಕೊಂಡಿದ್ದೇನೆ. ನೌಕರಿಯ ಸಂದರ್ಶನದಲ್ಲಿ ನಾವು ಸೋಲುವುದು ಬಹುಶಃ ತಿಳಿವಳಿಕೆಯ ಕೊರತೆಯಿಂದಲ್ಲ; ನಾಲ್ಕು ಜನರೆದುರು ಬಾಯಿ ತೆರೆಯಲಾರದ್ದರಿಂದ. ಮನೆಯಲ್ಲಿ ಹಿರಿಯರ ಮುಂದೆ, ಶಾಲೆಯಲ್ಲಿ ಮಾಸ್ತರರ ಮುಂದೆ, ಕಚೇರಿಯಲ್ಲಿ ಸಾಹೇಬರ ಮುಂದೆ ತಲೆ ತಗ್ಗಿಸಿ ನಿಂತು ರೂಢಿಯಾದವರು ನಾವು. ತಲೆ ಎತ್ತಿ, ನೇರವಾಗಿ ನೋಡಿ, ಒಂದು ಮಾತನ್ನು ಪೂರ್ತಿಯಾಗಿ ಆಡಿ ಮುಗಿಸುವುದನ್ನು ರಂಗಭೂಮಿ ಕಲಿಸುತ್ತದೆ. ಅದು ನಟನಾಗುವವನಿಗಷ್ಟೇ ಬೇಕಾದ ವಿದ್ಯೆಯಲ್ಲ.

ಉತ್ಸವವನ್ನು ಅಳೆಯುವುದು ಹೇಗೆ?

ಎಷ್ಟು ಜನ ಸೇರಿದರು, ಯಾವ ಗಣ್ಯರು ದೀಪ ಬೆಳಗಿದರು ಎಂಬುದರಿಂದ ಇಂಥ ಉತ್ಸವವನ್ನು ಅಳೆಯಬಾರದು. ಸಂಘಟಕರು ಒಂದು ಸಾದಾ ದಾಖಲೆ ಪುಸ್ತಕವನ್ನಿಟ್ಟು ಮೂರು ಅಂಕಣ ಗೆರೆ ಹಾಕಲಿ: ಈ ವರ್ಷ ಮೊದಲ ಸಲ ರಂಗವೇರಿದವರೆಷ್ಟು, ಅವರಲ್ಲಿ ವಿದ್ಯಾರ್ಥಿನಿಯರೆಷ್ಟು, ಕಳೆದ ವರ್ಷದವರಲ್ಲಿ ಈ ವರ್ಷ ಮರಳಿ ಬಂದವರೆಷ್ಟು. ಮೂರನೆಯ ಅಂಕಣ ವರ್ಷದಿಂದ ವರ್ಷಕ್ಕೆ ತುಂಬುತ್ತ ಹೋದರೆ ಮುಚ್ಚಿದ ಶಾಲೆ ಮತ್ತೆ ತೆರೆದಿದೆಯೆಂದು ತಿಳಿಯಬಹುದು.

ಇದಕ್ಕೆ ಬೇಕಾದುದು ಒಂದು ಕೋಣೆ, ಒಬ್ಬಿಬ್ಬರು ಅಧ್ಯಾಪಕರ ಬೆಂಬಲ, ನಾಲ್ಕು ಊರುಗಳ ನಡುವೆ ಕೆಲವು ಪತ್ರಗಳು. ನಾನು ಈ ವರ್ಷ ಕಾಲೇಜು ಬಿಡುವವನು. ನನ್ನ ಹಿಂದೆ ಬರುವ ಪ್ರಥಮ ವರ್ಷದ ಗೆಳೆಯರಲ್ಲಿ ಯಾರಾದರೂ ಮೊದಲ ಪತ್ರವನ್ನು ಬರೆದಾರು ಎಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ಅವರ ಕೈಗೆ ಒಪ್ಪಿಸಿದ್ದೇನೆ.